ಗುರಿಗಿಂತ ಮೇಲೆ ನೋಡುವ ನಳಿಗೆ

ಗುರಿಗೆ ನೇರವಾಗಿ ನಳಿಗೆ ಹಿಡಿದರೆ ಗುಂಡು ಗುರಿಗೆ ತಗಲುವುದಿಲ್ಲ. ಈ ಮಾತು ಕೇಳಿದರೆ ಒಗಟಿನಂತಿದೆ. ಆದರೆ ಪಿಯುಸಿ ಮೊದಲ ವರ್ಷದ ಭೌತಶಾಸ್ತ್ರದ ಪುಸ್ತಕ ತೆರೆದು ಕುಳಿತವರಿಗೆ ಇದು ಒಗಟಲ್ಲ, ಚಲನೆಯ ಅಧ್ಯಾಯದ ಒಂದು ಲೆಕ್ಕ. ಈಚೆಗೆ ಒಬ್ಬ ತಂದೆ ಪೇಚಾಡಿಕೊಂಡರು: 'ಮಗ ಕಂಪ್ಯೂಟರಿನಲ್ಲಿ ಬಂದೂಕಿನ ಆಟ ಆಡುತ್ತಾನೆ. ಮೈಲಿಯಾಚೆಗಿನ ಮನುಷ್ಯನ ಮೇಲೆ ಚುಕ್ಕಿ ಇಟ್ಟು ಗುಂಡಿ ಒತ್ತುತ್ತಾನೆ, ಆತ ಬೀಳುತ್ತಾನೆ. ನಿಜವಾಗಿಯೂ ಅಷ್ಟು ಸುಲಭವೇ?' ಅಲ್ಲ ಸ್ವಾಮಿ, ಖಂಡಿತ ಅಲ್ಲ. ಎಷ್ಟು ಸುಲಭವಲ್ಲ ಎಂಬುದನ್ನು ಲೆಕ್ಕ ಹಾಕಿ ನೋಡಿದರೆ ಆ ಹುಡುಗನ ಅರ್ಧ ವರ್ಷದ ಪಾಠ ಅದರಲ್ಲೇ ಮುಗಿಯುತ್ತದೆ.

ದೂರದ ಗುರಿಗಾಗಿ ಬೇಟೆಯ ರೈಫಲನ್ನು ಅಣಿಗೊಳಿಸುವ ವಿದ್ಯೆ ಇವತ್ತು ಹೆಚ್ಚಾಗಿ ಬಳಕೆಯಲ್ಲಿರುವುದು ಅಮೆರಿಕದಲ್ಲಿ. ಅಲ್ಲಿನ ಪಶ್ಚಿಮದ ರಾಜ್ಯಗಳಾದ ವಯೋಮಿಂಗ್, ಮೊಂಟಾನಾಗಳ ಬಯಲು ಎಂದರೆ ಕಣ್ಣು ಹಾಯುವಷ್ಟು ದೂರ ಒಂದು ಮರವೂ ಇಲ್ಲದ ಹುಲ್ಲುಗಾವಲು. ಅಲ್ಲಿ ಪ್ರಾಂಗ್‌ಹಾರ್ನ್ ಎಂಬ, ನಮ್ಮ ಕೃಷ್ಣಮೃಗವನ್ನು ನೆನಪಿಸುವ ಪ್ರಾಣಿ ಇದೆ. ಓಟದಲ್ಲಿ ಚಿರತೆಯ ಬಂಧು ಚೀತಾಗೆ ಮಾತ್ರ ಎರಡನೆಯದು. ಸರ್ಕಾರವೇ ಇಷ್ಟು ಪ್ರಾಣಿ ಎಂದು ಲೆಕ್ಕಮಾಡಿ, ಕಾಲ ಗೊತ್ತುಮಾಡಿ, ಹಣ ಕಟ್ಟಿಸಿಕೊಂಡು ಬೇಟೆಗೆ ಪರವಾನಗಿ ಕೊಡುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಮೇಲೆ ಬೇಟೆಯ ಕಾಲ ಮುಗಿಯಿತು. ಮುಗಿದದ್ದು ಒಳ್ಳೆಯದೇ ಆಯಿತೆಂದು ಈ ಅಂಕಣಕಾರನ ಅಭಿಪ್ರಾಯ. ಆದ್ದರಿಂದ ನಾವು ಇಲ್ಲಿ ಬಯಲಿನ ಆ ಬೇಟೆಗಾರನ ಹಿಂದೆ ಹೋಗುವುದು ಪ್ರಾಣಿಗಾಗಿ ಅಲ್ಲ, ಗಣಿತಕ್ಕಾಗಿ.

ಮೊದಲು ಒಂದು ಹಳೆಯ ಪ್ರಶ್ನೆ. ಎದೆಮಟ್ಟದಲ್ಲಿ ಒಂದು ಗುಂಡನ್ನು ಕೈಯಿಂದ ಬಿಡಿ. ಅದೇ ಕ್ಷಣ, ಅದೇ ಎತ್ತರದಿಂದ ಇನ್ನೊಂದು ಗುಂಡನ್ನು ರೈಫಲಿನಿಂದ ನೆಲಕ್ಕೆ ಸಮಾನಾಂತರವಾಗಿ ಹಾರಿಸಿ. ಯಾವುದು ಮೊದಲು ನೆಲ ಮುಟ್ಟುತ್ತದೆ? ಗಾಳಿಯ ಕಾಟವನ್ನು ಬದಿಗಿಟ್ಟರೆ, ನೆಲ ಸಮತಟ್ಟಾಗಿದ್ದರೆ, ಎರಡೂ ಒಟ್ಟಿಗೇ. ಮುಂದಕ್ಕೆ ಓಡುವ ವೇಗಕ್ಕೂ ಕೆಳಕ್ಕೆ ಬೀಳುವ ವೇಗಕ್ಕೂ ಸಂಬಂಧವಿಲ್ಲ. ಭೂಮಿ ಯಾರನ್ನೂ ಬಿಡುವುದಿಲ್ಲ. ಗುಂಡು ನಳಿಗೆಯಿಂದ ಹೊರಬಿದ್ದ ಮರುಗಳಿಗೆಯಿಂದಲೇ ಬೀಳತೊಡಗುತ್ತದೆ. ಗೆಲಿಲಿಯೊ 1638ರಲ್ಲೇ ಇದನ್ನು ಬರೆದಿಟ್ಟಿದ್ದ.

ಈಗ ಸಂಖ್ಯೆ ಹಾಕೋಣ. ಅಮೆರಿಕದ ಬೇಟೆಗಾರರಲ್ಲಿ ಬಹಳ ಬಳಕೆಯಲ್ಲಿರುವ .308 ವಿಂಚೆಸ್ಟರ್ ಎಂಬ ತೋಟಾ ಇದೆ. ಅದರ ಸೀಸ-ತಾಮ್ರದ ಗುಂಡು ಸುಮಾರು 11 ಗ್ರಾಂ ತೂಗುತ್ತದೆ. ನಳಿಗೆಯ ಬಾಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 800 ಮೀಟರ್. 100 ಮೀಟರ್ ದೂರಕ್ಕೆ ಅದು ತೆಗೆದುಕೊಳ್ಳುವ ಕಾಲ ಸೆಕೆಂಡಿನ ಎಂಟನೆಯ ಒಂದು ಭಾಗ ಎನ್ನಿ. ಅಷ್ಟರಲ್ಲಿ ಅದು ಎಷ್ಟು ಬೀಳುತ್ತದೆ? ಅರ್ಧ ಗುಣಿಸು 9.8 ಗುಣಿಸು ಕಾಲದ ವರ್ಗ. ಸುಮಾರು 8 ಸೆಂಟಿಮೀಟರ್. ಮಾಡಿ ನೋಡಿ.

ಇದೇ ಕಾರಣಕ್ಕೆ ಬೇಟೆಗಾರ ತನ್ನ ದುರ್ಬೀನಿನಲ್ಲಿ ನೇರ ಗುರಿಯನ್ನು ನೋಡುತ್ತಿರುವಾಗ ಅವನ ನಳಿಗೆ ಮಾತ್ರ ಗುರಿಗಿಂತ ತುಸು ಮೇಲೆ ನೋಡುತ್ತಿರುತ್ತದೆ. ದೃಷ್ಟಿಯ ಗೆರೆ ಒಂದು, ನಳಿಗೆಯ ಗೆರೆ ಇನ್ನೊಂದು. ದುರ್ಬೀನು ನಳಿಗೆಗಿಂತ ಸುಮಾರು ನಾಲ್ಕು ಸೆಂಟಿಮೀಟರ್ ಎತ್ತರದಲ್ಲಿ ಕೂತಿರುತ್ತದೆ. ಗುಂಡು ಕೆಳಗಿನಿಂದ ಹೊರಟು, ದೃಷ್ಟಿಯ ಗೆರೆಯ ಮಟ್ಟಕ್ಕೆ ಏರಿ, ಆಮೇಲೆ ಇಳಿಯುತ್ತದೆ. ಈ ಎರಡು ಗೆರೆಗಳನ್ನು ಒಂದು ಗೊತ್ತಾದ ದೂರದಲ್ಲಿ ಕೂಡಿಸುವುದಕ್ಕೆ ಅವರು 'ಝೀರೋ ಮಾಡುವುದು' ಎನ್ನುತ್ತಾರೆ. ರೈಫಲನ್ನು ಅಣಿಗೊಳಿಸುವುದೆಂದರೆ ಮುಖ್ಯವಾಗಿ ಇದೇ. ಆದರೆ ಇದಕ್ಕೆ ಮುಂಚೆ ಬಂದೂಕೇ ಸ್ಥಿರವಾಗಿರಬೇಕಲ್ಲ?

ಇಲ್ಲಿಂದ ಬಡಗಿಯ ಕೆಲಸ, ಕಮ್ಮಾರನ ಕೆಲಸ. ಹೆಗಲಿಗೆ ಒತ್ತಿಕೊಳ್ಳುವ ಭಾಗ ಮರದ್ದಾಗಿದ್ದರೆ ಮಳೆಗಾಲದಲ್ಲಿ ನಮ್ಮ ಮನೆಯ ಬಾಗಿಲು ಹೇಗೆ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೋ ಹಾಗೆ ಅದೂ ಉಬ್ಬುತ್ತದೆ. ಉಬ್ಬಿದ ಮರ ನಳಿಗೆಯನ್ನು ಒಂದು ಪಕ್ಕದಿಂದ ಒತ್ತಿದರೆ ಸಾಕು, ನಿನ್ನೆ ಸರಿಯಿದ್ದ ರೈಫಲು ಇವತ್ತು ಬೇರೆ ಕಡೆ ಹೊಡೆಯುತ್ತದೆ. ಆದ್ದರಿಂದ ನಳಿಗೆ ಮರವನ್ನು ಎಲ್ಲೂ ತಾಗದಂತೆ ಗಾಳಿಯಲ್ಲಿ ತೇಲುವ ಹಾಗೆ ಬಿಡುತ್ತಾರೆ. ಪರೀಕ್ಷೆ ಸರಳ: ನಳಿಗೆಗೂ ಮರಕ್ಕೂ ನಡುವೆ ಒಂದು ನೋಟನ್ನು ತೂರಿಸಿ ಹಿಂದಕ್ಕೆ ಎಳೆದುಕೊಂಡು ಹೋದರೆ ಅದು ಎಲ್ಲೂ ಸಿಕ್ಕಿಕೊಳ್ಳಬಾರದು. ಹಿಂಭಾಗದ ಯಂತ್ರ ಮಾತ್ರ ಅಲುಗಾಡದೆ ಕೂರಬೇಕು. ಅದಕ್ಕೆಂದು ಮರದ ಗೂಡಿಗೆ ಎಪಾಕ್ಸಿ ಅಂಟು ತುಂಬಿ, ಅದು ಗಟ್ಟಿಯಾಗುವಾಗ ಲೋಹದ ಅಚ್ಚು ಅಲ್ಲೇ ಮೂಡುವಂತೆ ಮಾಡುತ್ತಾರೆ. ಹಲ್ಲಿನ ವೈದ್ಯರು ಅಳತೆ ತೆಗೆಯುತ್ತಾರಲ್ಲ, ಹಾಗೆಯೇ.

ನಳಿಗೆಯ ಒಳಗೆ ಸುರುಳಿ ಗೀರುಗಳಿವೆ; ರೈಫಲ್ ಎಂಬ ಹೆಸರೇ ಅದರಿಂದ ಬಂದದ್ದು. ಗೀರುಗಳು ಗುಂಡನ್ನು ಬುಗುರಿಯಂತೆ ತಿರುಗಿಸುತ್ತವೆ. ತಿರುಗುವ ಬುಗುರಿ ನಿಲ್ಲುತ್ತದೆ, ತಿರುಗದ್ದು ಮಗುಚುತ್ತದೆ. ಉದ್ದನೆಯ ಗುಂಡಿಗೆ ಹೆಚ್ಚು ತಿರುಗು ಬೇಕು. ಇಂಗ್ಲೆಂಡಿನ ಎಂಜಿನಿಯರ್ ಜೋಸೆಫ್ ವಿಟ್ವರ್ತ್ 1850ರ ದಶಕದಲ್ಲಿ ಗೀರುಗಳ ಬದಲು ಆರು ಮೂಲೆಯ ಸುರುಳಿ ನಳಿಗೆ ಮಾಡಿ ಎಲ್ಲರನ್ನೂ ಬೆರಗುಗೊಳಿಸಿದ. 1860ರ ಜುಲೈ 2ರಂದು ವಿಂಬಲ್ಡನ್‌ನಲ್ಲಿ (ಟೆನಿಸ್ ಅಲ್ಲ, ಆಗ ಅಲ್ಲಿ ಗುಂಡಿನ ಸ್ಪರ್ಧೆ) ವಿಕ್ಟೋರಿಯಾ ರಾಣಿ 400 ಗಜದ ಗುರಿಗೆ ಮೊದಲ ಗುಂಡು ಹಾರಿಸಿದ್ದು ಆತನ ರೈಫಲಿನಿಂದಲೇ. ಗುಂಡು ಗುರಿಯ ನಡುವಿನಿಂದ ಕೇವಲ ಒಂದೂಕಾಲು ಅಂಗುಲ ದೂರಕ್ಕೆ ಬಿತ್ತು. ರಾಣಿಯ ಕೈಚಳಕ ಎಂದು ಹೊಗಳುವ ಅಗತ್ಯವಿಲ್ಲ. ರೈಫಲನ್ನು ಮೊದಲೇ ಕಬ್ಬಿಣದ ಪೀಠಕ್ಕೆ ಬಿಗಿದು ಗುರಿಯಿಟ್ಟಿದ್ದರು, ಅವರು ಎಳೆದದ್ದು ರೇಷ್ಮೆಯ ದಾರ ಮಾತ್ರ. ಆದರೆ ಇದರಿಂದ ಒಂದು ಸಂಗತಿ ತಿಳಿಯುತ್ತದೆ. ಬಂದೂಕಿನ ತಪ್ಪು ಎಷ್ಟು, ಮನುಷ್ಯನ ತಪ್ಪು ಎಷ್ಟು ಎಂದು ಬೇರೆ ಮಾಡಬೇಕಾದರೆ ಮನುಷ್ಯನನ್ನು ಆಚೆಗೆ ನಿಲ್ಲಿಸಬೇಕು.

ಮುಂದೆ ದುರ್ಬೀನು. ಅದನ್ನು ಹಿಡಿದಿಡುವ ಬಳೆಗಳ ತಿರುಪು ಸಡಿಲವಿದ್ದರೆ ಉಳಿದ ಶ್ರಮವೆಲ್ಲ ನೀರಿನಲ್ಲಿ ಹೋಮ. ಅತಿಯಾಗಿ ಬಿಗಿದರೆ ಕೊಳವೆ ನಜ್ಜಾಗುತ್ತದೆ. ಆದ್ದರಿಂದ ಎಷ್ಟು ಬಲದಿಂದ ತಿರುಗಿಸಿದ್ದೇವೆಂದು ತೋರಿಸುವ ಸ್ಪ್ಯಾನರ್ ಇಟ್ಟುಕೊಳ್ಳುತ್ತಾರೆ. ದುರ್ಬೀನಿನೊಳಗೆ ಕಾಣುವ ಅಡ್ಡಗೆರೆ-ನೆಟ್ಟಗೆರೆಗಳಲ್ಲಿ ನೆಟ್ಟಗೆರೆ ನಿಜವಾಗಿ ನೆಟ್ಟಗಿರಬೇಕು. ಗಾರೆ ಕೆಲಸದವರ ತೂಗುಗುಂಡಿನ ದಾರವನ್ನು ದೂರದಲ್ಲಿ ಇಳಿಬಿಟ್ಟು ಅದಕ್ಕೆ ಸರಿಹೊಂದಿಸುವುದುಂಟು. ಯಾಕಿಷ್ಟು ಕಟ್ಟುನಿಟ್ಟು? ದೂರದ ಗುರಿಗೆ 10 ಮೀಟರ್ ಮೇಲೆತ್ತಿ ಹೊಡೆಯಬೇಕಾದಾಗ ರೈಫಲು ಒಂದೇ ಒಂದು ಡಿಗ್ರಿ ವಾಲಿದರೆ, ಆ 10 ಮೀಟರಿನ 'ಸೈನ್ 1 ಡಿಗ್ರಿ'ಯಷ್ಟು, ಅಂದರೆ 17 ಸೆಂಟಿಮೀಟರಿಗೂ ಹೆಚ್ಚು, ಗುಂಡು ಪಕ್ಕಕ್ಕೆ ಜರುಗುತ್ತದೆ. ತ್ರಿಕೋನಮಿತಿ ಯಾವ ಕೆಲಸಕ್ಕೆ ಬರುತ್ತದೆ ಎಂದು ಕೇಳುವ ಮಕ್ಕಳಿಗೆ ಇದನ್ನು ಹೇಳಬಹುದು.

ಇನ್ನೊಂದು ಕಾಟ ಪ್ಯಾರಲಾಕ್ಸ್. ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮುಂದೆ ಹಿಡಿದು, ಎದುರಿನ ಗೋಡೆಯ ಕ್ಯಾಲೆಂಡರಿನ ಒಂದು ತಾರೀಕಿಗೆ ಸರಿಯಾಗಿ ಇಡಿ. ಈಗ ತಲೆಯನ್ನು ಮಾತ್ರ ಸ್ವಲ್ಪ ಆಚೀಚೆ ಮಾಡಿ. ಹೆಬ್ಬೆರಳು ಬೇರೆ ತಾರೀಕಿಗೆ ಹೋಯಿತಲ್ಲವೇ? ಹೆಬ್ಬೆರಳೂ ಗೋಡೆಯೂ ಬೇರೆ ಬೇರೆ ದೂರದಲ್ಲಿರುವುದೇ ಇದಕ್ಕೆ ಕಾರಣ. ದುರ್ಬೀನಿನೊಳಗೆ ಗುರಿಯ ಬಿಂಬವೂ ಗೆರೆಗಳೂ ಒಂದೇ ಸಮತಲದಲ್ಲಿ ಬೀಳದಿದ್ದರೆ ಇದೇ ಗತಿ. ಕಣ್ಣು ಸ್ವಲ್ಪ ಸರಿದರೆ ಗುರಿಯೇ ಸರಿದಂತೆ ಕಾಣುತ್ತದೆ. ಇದನ್ನು ಸರಿಪಡಿಸಲು ಒಳ್ಳೆಯ ದುರ್ಬೀನಿನ ಪಕ್ಕದಲ್ಲಿ ಒಂದು ತಿರುಗಣೆ ಇರುತ್ತದೆ.

ಇಷ್ಟಾದ ಮೇಲೆ ಝೀರೋ. 100 ಮೀಟರ್ ದೂರದಲ್ಲಿ ಕಾಗದದ ಗುರಿ, ಅದರ ಹಿಂದೆ ಗುಂಡನ್ನು ನುಂಗುವ ಎತ್ತರದ ಮಣ್ಣಿನ ದಿಬ್ಬ. ದಿಬ್ಬವಿಲ್ಲದೆ ಯಾವ ಗುಂಡೂ ಇಲ್ಲ. ಇಂಥ ಗುಂಡು ಕಿಲೋಮೀಟರುಗಟ್ಟಲೆ ಹೋಗುತ್ತದೆ. ಮರಳಿನ ಚೀಲದ ಮೇಲೆ ರೈಫಲಿಟ್ಟು ಮೂರು ಗುಂಡು ಹಾರಿಸುತ್ತಾರೆ. ಒಂದೇ ಗುಂಡು ನೋಡಿ ತಿದ್ದುವುದಿಲ್ಲ, ಅದು ಆಕಸ್ಮಿಕವಿರಬಹುದು. ಮೂರರ ನಡುವನ್ನು ಗುರುತಿಸುತ್ತಾರೆ. ಅದು 6 ಸೆಂಟಿಮೀಟರ್ ಕೆಳಗೆ, 3 ಸೆಂಟಿಮೀಟರ್ ಬಲಕ್ಕೆ ಬಿತ್ತು ಎಂದಿಟ್ಟುಕೊಳ್ಳಿ. ದುರ್ಬೀನಿನ ಮೇಲಿನ ತಿರುಗಣೆಯನ್ನು ತಿರುಗಿಸಿದರೆ 'ಟಿಕ್ ಟಿಕ್' ಎನ್ನುತ್ತದೆ. ಒಂದೊಂದು ಟಿಕ್ಕಿಗೂ ಕಾಲು ಮಿನಿಟು. ಇದು ಗಡಿಯಾರದ ಮಿನಿಟಲ್ಲ, ಕೋನದ್ದು. ಒಂದು ಡಿಗ್ರಿಯನ್ನು ಅರವತ್ತು ಭಾಗ ಮಾಡಿದರೆ ಒಂದು ಭಾಗ. 100 ಮೀಟರಿನಲ್ಲಿ ಒಂದು ಮಿನಿಟು ಅಂದರೆ 2.9 ಸೆಂಟಿಮೀಟರ್, ಒಂದು ಟಿಕ್ಕು ಅಂದರೆ 7 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಹಾಗಾದರೆ ಎಂಟು ಟಿಕ್ಕು ಮೇಲಕ್ಕೆ, ನಾಲ್ಕು ಟಿಕ್ಕು ಎಡಕ್ಕೆ. ಮತ್ತೆ ಮೂರು ಗುಂಡು.

ಅನುಭವಸ್ಥರು ಇನ್ನೊಂದು ಮಾತು ಹೇಳುತ್ತಾರೆ. ನಳಿಗೆ ಬಿಸಿಯಾದಮೇಲೆ ಗುಂಡು ಬೀಳುವ ಜಾಗ ಬದಲಾಗಬಹುದು. ಬೇಟೆಯಲ್ಲಿ ಸಿಗುವುದು ತಣ್ಣಗಿನ ನಳಿಗೆಯ ಮೊದಲ ಗುಂಡೊಂದೇ. ಆದ್ದರಿಂದ ಹತ್ತು ದಿನ, ದಿನಕ್ಕೊಂದೇ ಗುಂಡು ಹಾರಿಸಿ ಅದೆಲ್ಲಿ ಬೀಳುತ್ತದೆಂದು ಬರೆದಿಡುವುದು, ಒಂದೇ ದಿನ ಹತ್ತು ಗುಂಡು ಹಾರಿಸುವುದಕ್ಕಿಂತ ಹೆಚ್ಚು ಕಲಿಸುತ್ತದೆ.

100ಕ್ಕೆ ಝೀರೋ ಆಯಿತು. ದೂರ ಹೆಚ್ಚಿದರೆ? ಅದೇ .308ರ ಗುಂಡು 300 ಮೀಟರಿನಲ್ಲಿ ಸುಮಾರು ಅರ್ಧ ಮೀಟರ್ ಕೆಳಗೆ ಬೀಳುತ್ತದೆ. 500ರಲ್ಲಿ ಎರಡು ಮೀಟರಿಗೂ ಹೆಚ್ಚು. 900ರಲ್ಲಿ ಸುಮಾರು 10 ಮೀಟರ್, ಅಂದರೆ ಮೂರು ಅಂತಸ್ತಿನ ಮನೆಯಷ್ಟು. ದೂರ ಮೂರು ಪಟ್ಟಾದರೆ ಬೀಳುವುದು ಮೂರು ಪಟ್ಟಲ್ಲ ಎಂಬುದನ್ನು ಗಮನಿಸಿ. ಕಾಲದ ವರ್ಗ ಇಲ್ಲಿ ತನ್ನ ಕೈವಾಡ ತೋರಿಸುತ್ತದೆ. ಅದರ ಮೇಲೆ ಗುಂಡೂ ನಿಧಾನವಾಗುತ್ತಿರುತ್ತದೆ. 500 ಮೀಟರಿನಲ್ಲಿ ಒಂದು ಮಿನಿಟು ಎಂದರೆ 14.5 ಸೆಂಟಿಮೀಟರ್, 2.1 ಮೀಟರ್ ಮೇಲೆತ್ತಲು ಎಷ್ಟು ಟಿಕ್ಕು? ಸುಮಾರು 58. ಬೇಟೆಗಾರ ಈ ಅಂಕಿಗಳ ಒಂದು ಪಟ್ಟಿ ಮಾಡಿ ರೈಫಲಿನ ಮರಕ್ಕೇ ಅಂಟಿಸಿಕೊಂಡಿರುತ್ತಾನೆ, ನಮ್ಮ ಮಕ್ಕಳು ಮಗ್ಗಿಯ ಪಟ್ಟಿಯನ್ನು ಅಂಟಿಸಿಕೊಳ್ಳುವಂತೆ. ದೂರವನ್ನು ಕಣ್ಣಂದಾಜಿನಲ್ಲಿ ಹೇಳುವಂತಿಲ್ಲ. 500 ಮೀಟರಿನ ಆಸುಪಾಸಿನಲ್ಲಿ ಅಂದಾಜು 50 ಮೀಟರ್ ತಪ್ಪಿದರೆ ಗುಂಡು ಅರ್ಧ ಮೀಟರಿಗೂ ಹೆಚ್ಚು ತಪ್ಪುತ್ತದೆ. ಈಗ ಲೇಸರ್ ಬೆಳಕನ್ನು ಕಳಿಸಿ, ಅದು ಮರಳುವ ಕಾಲವನ್ನು ಅಳೆಯುವ ಅಂಗೈಯಗಲದ ಉಪಕರಣ ಬಂದಿದೆ. 500 ಮೀಟರ್ ಹೋಗಿ ಬರಲು ಬೆಳಕಿಗೆ ಬೇಕಾದದ್ದು ಸೆಕೆಂಡಿನ ಹತ್ತು ಲಕ್ಷದಲ್ಲಿ ಮೂರೂ ಚಿಲ್ಲರೆ ಭಾಗ.

ಪಟ್ಟಿ ಮಾಡಲು ಗುಂಡಿನ ವೇಗ ತಿಳಿದಿರಬೇಕು. ಇವತ್ತು ಅದಕ್ಕೂ ಎಲೆಕ್ಟ್ರಾನಿಕ್ ಯಂತ್ರವಿದೆ. ಅದಿಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರು? ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ 1742ರಲ್ಲಿ ಒಂದು ಪುಸ್ತಕ ಬರೆದ. ಉಪಾಯ ಸೊಗಸಾಗಿದೆ: ದಪ್ಪ ಮರದ ತುಂಡನ್ನು ಲೋಲಕದಂತೆ ತೂಗುಹಾಕು, ಅದಕ್ಕೆ ಗುಂಡು ಹೊಡೆ, ಲೋಲಕ ಎಷ್ಟು ಎತ್ತರಕ್ಕೆ ಹೋಯಿತೆಂದು ನೋಡು. 11 ಗ್ರಾಮಿನ ಗುಂಡು 800 ಮೀಟರ್ ವೇಗದಲ್ಲಿ ಬಂದು 10 ಕಿಲೋ ತುಂಡಿನಲ್ಲಿ ಹುದುಗಿದರೆ ತುಂಡು ಏರುವುದು ಸುಮಾರು 4 ಸೆಂಟಿಮೀಟರ್. ಸಂವೇಗ ಸಂರಕ್ಷಣೆ, ಆಮೇಲೆ ಶಕ್ತಿ ಸಂರಕ್ಷಣೆ: ಪರೀಕ್ಷೆಯಲ್ಲಿ ಈಗಲೂ ಬರುವ ಲೆಕ್ಕ. ಗಾಳಿಯ ತಡೆ ಎಲ್ಲರೂ ಭಾವಿಸಿದ್ದಕ್ಕಿಂತ ಬಹಳ ದೊಡ್ಡದೆಂದು ಈತ ತೋರಿಸಿಕೊಟ್ಟ. ಮಹಾ ಗಣಿತಜ್ಞ ಆಯ್ಲರ್ ಮೂರೇ ವರ್ಷದಲ್ಲಿ ಆ ಪುಸ್ತಕವನ್ನು ಜರ್ಮನ್ ಭಾಷೆಗೆ ತಂದ. ರಾಬಿನ್ಸ್ ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳ ಎಂಜಿನಿಯರಾಗಿ ನಮ್ಮ ದಕ್ಷಿಣಕ್ಕೇ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ದೂರದ ಗುರಿಯ ಹುಚ್ಚು ಅಮೆರಿಕಕ್ಕೆ ಹಿಡಿದದ್ದಕ್ಕೆ ಒಂದು ಒಳ್ಳೆಯ ಕತೆಯಿದೆ. 1873ರಲ್ಲಿ ವಿಂಬಲ್ಡನ್ನಿನ ಸ್ಪರ್ಧೆಯಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್ ಎರಡನ್ನೂ ಸೋಲಿಸಿದ ಐರ್ಲೆಂಡಿನ ತಂಡ ಅಮೆರಿಕಕ್ಕೆ ಸವಾಲು ಹಾಕಿತು. ನ್ಯೂಯಾರ್ಕಿನ ಬಳಿ ಲಾಂಗ್ ಐಲೆಂಡಿನಲ್ಲಿ ಕ್ರೀಡ್ ಎಂಬ ಮನೆತನದ ಜಮೀನು ಹೊಸ ಗುಂಡಿನ ಮೈದಾನವಾಗಿತ್ತು. ಅದಕ್ಕೆ ಕ್ರೀಡ್‌ಮೂರ್ ಎಂದು ಹೆಸರು. 1874ರ ಸೆಪ್ಟೆಂಬರ್ 26. ಎರಡೂ ಕಡೆ ಆರಾರು ಮಂದಿ. 800, 900, 1000 ಗಜ. ಒಂದೊಂದು ದೂರಕ್ಕೆ ಒಬ್ಬೊಬ್ಬನಿಗೆ ಹದಿನೈದು ಗುಂಡು. ನಡುವಿಗೆ ತಗಲಿದರೆ ನಾಲ್ಕು ಅಂಕ. ಐರಿಷರದು ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಪದ್ಧತಿಯ ನಯವಾದ ರೈಫಲು. ಅಮೆರಿಕನ್ನರದು ಹಿಂದಿನಿಂದ ತೋಟಾ ಹಾಕುವ ಹೊಸ ರೆಮಿಂಗ್ಟನ್ ಮತ್ತು ಶಾರ್ಪ್ಸ್. ಪಂದ್ಯ ನೋಡಲು ಸಾವಿರಾರು ಜನ.

ಐರಿಷ್ ತಂಡದ ಮಿಲ್ನರ್ ಒಂದು ಸಲ ಗುಂಡು ಹಾರಿಸಿದ. ಸರಿಯಾಗಿ ನಡುವಿಗೇ ಬಿತ್ತು. ಆದರೆ ಬಿದ್ದದ್ದು ಪಕ್ಕದ ಗುರಿಯ ನಡುವಿಗೆ! ಅಂಕ ಸೊನ್ನೆ. ಏಳನೆಯ ಪ್ರಶ್ನೆಯ ಉತ್ತರವನ್ನು ಚೊಕ್ಕವಾಗಿ ಬರೆದು ಎಂಟು ಎಂದು ನಮೂದಿಸಿದ ಹಾಗೆ. ಪಂದ್ಯ ಕೊನೆಗೆ ಬಂದಾಗ ಐರ್ಲೆಂಡ್ 931, ಅಮೆರಿಕ 930. ಉಳಿದದ್ದು ಅಮೆರಿಕದ ಕರ್ನಲ್ ಬೊಡೀನ್‌ನ ಒಂದೇ ಗುಂಡು. ಅಷ್ಟರಲ್ಲಿ ಬಿಸಿಲಿಗೆ ಬಾಯಾರಿದ ಆತನ ಕೈಯಲ್ಲಿ ಶುಂಠಿ ಪಾನಕದ ಬಾಟಲಿ ಒಡೆದು ಗಾಯವಾಗಿ ರಕ್ತ ಸುರಿಯುತ್ತಿತ್ತು. ಕೈಗೆ ಕರವಸ್ತ್ರ ಸುತ್ತಿಕೊಂಡು ಮಲಗಿ 1000 ಗಜದ ಗುರಿಗೆ ಹೊಡೆದ. ನಾಲ್ಕು ಅಂಕ. 934ಕ್ಕೆ 931. ಮಿಲ್ನರನ ಆ ನಾಲ್ಕು ಅಂಕ ಸೇರಿದ್ದರೆ ಐರ್ಲೆಂಡ್ 935 ಆಗಿ ಗೆಲ್ಲುತ್ತಿತ್ತು. ಇಷ್ಟು ದೂರದ ಗಾಳಿ, ಬಿಸಿಲು, ಮದ್ದಿನ ತೂಕ ಎಲ್ಲವನ್ನೂ ಗೆದ್ದವನು ಗುರಿಯ ಸಂಖ್ಯೆ ಓದುವುದರಲ್ಲಿ ಸೋತದ್ದು! ಆ ಊರಿನ ಹೆಸರು ಇನ್ನೂ ಬದುಕಿದೆ. 2007ರಲ್ಲಿ ಬಂದು ಈಗ ದೂರದ ಬೇಟೆಗಾರರಿಗೆ ಅಚ್ಚುಮೆಚ್ಚಾಗಿರುವ ತೋಟಾದ ಹೆಸರು 6.5 ಕ್ರೀಡ್‌ಮೂರ್.

ಅಂದಹಾಗೆ ಆ ಐರಿಷ್ ತಂಡದಲ್ಲಿ ಜಾನ್ ರಿಗ್ಬಿ ಎಂಬ ಬಂದೂಕು ತಯಾರಕನೂ ಇದ್ದ. ಆತನ ಮನೆತನದ ಕಂಪನಿಯ .275 ರೈಫಲನ್ನೇ 1907ರಲ್ಲಿ, ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದದ್ದಕ್ಕೆ ಜಿಮ್ ಕಾರ್ಬೆಟ್ಟರಿಗೆ ಉಡುಗೊರೆ ಕೊಡಲಾಯಿತು. ತೇಜಸ್ವಿಯವರ ಕನ್ನಡದಲ್ಲಿ ರುದ್ರಪ್ರಯಾಗದ ಚಿರತೆಯ ಕತೆ ಓದಿದವರಿಗೆ ಕಾರ್ಬೆಟ್ ಬೇರೆ ಪರಿಚಯ ಬೇಡ. ಕಾರ್ಬೆಟ್ಟರ ಗುಂಡುಗಳಲ್ಲಿ ಹೆಚ್ಚಿನವು ಕಾಡಿನ ಪೊದೆಗಳ ನಡುವೆ ಬಹು ಹತ್ತಿರದಿಂದ ಹಾರಿದಂಥವು. ಅಲ್ಲಿ ಟಿಕ್ಕುಗಳ ಲೆಕ್ಕಕ್ಕೆ ಪುರುಸೊತ್ತೆಲ್ಲಿ?

ಬೀಳುವುದನ್ನು ಲೆಕ್ಕ ಹಾಕಬಹುದು. ಗಾಳಿಯನ್ನು? ಇಲ್ಲಿಯೇ ಪಟ್ಟಿಗಳೆಲ್ಲ ಕೈಕೊಡುವುದು. ಗಂಟೆಗೆ 16 ಕಿಲೋಮೀಟರಿನ ಗಾಳಿ, ಅಂದರೆ ಸಣ್ಣ ರೆಂಬೆಗಳು ಅಲುಗಾಡುವಷ್ಟು, ಪಕ್ಕದಿಂದ ಬೀಸಿದರೆ ನಮ್ಮ .308ರ ಗುಂಡು 300 ಮೀಟರಿನಲ್ಲಿ ಒಂದು ಗೇಣು ಸರಿಯುತ್ತದೆ. 500ರಲ್ಲಿ ಒಂದೂವರೆ ಮೊಳ. 900ರಲ್ಲಿ ಎರಡು ಮೀಟರಿಗೂ ಮಿಕ್ಕಿ. ಗಾಳಿ ದಾರಿಯುದ್ದಕ್ಕೂ ಒಂದೇ ಸಮ ಬೀಸುವುದೂ ಇಲ್ಲ. ನಿಂತಲ್ಲಿ ಎಡದಿಂದ, ನಡುವಿನ ಹಳ್ಳದಲ್ಲಿ ಬಲದಿಂದ, ಗುರಿಯ ಬಳಿ ಏನೂ ಇಲ್ಲ ಎಂಬಂತೆಯೂ ಇರಬಹುದು. ಪಳಗಿದವರು ಹುಲ್ಲಿನ ತುದಿಯನ್ನು, ಧೂಳನ್ನು ನೋಡುತ್ತಾರೆ. ಬೇಸಿಗೆಯಲ್ಲಿ ಡಾಂಬರು ರಸ್ತೆಯ ಮೇಲೆ ಝಳ ಅಲೆಅಲೆಯಾಗಿ ಏಳುವುದನ್ನು ನೀವು ನೋಡಿದ್ದೀರಿ. ದುರ್ಬೀನಿನಲ್ಲಿ ನೋಡಿದರೆ ಆ ಅಲೆಗಳು ಗಾಳಿಯ ದಿಕ್ಕಿಗೆ ಹೊಳೆಯಂತೆ ಹರಿಯುವುದು ಕಾಣುತ್ತದೆ. ನೇರ ಮೇಲಕ್ಕೆ ಕುದಿಯುವಂತೆ ಕಂಡರೆ ಪಕ್ಕದ ಗಾಳಿಯಿಲ್ಲ. ಇದನ್ನು ಓದುವುದಕ್ಕೆ ಯಂತ್ರವಿಲ್ಲ, ವರ್ಷಗಟ್ಟಲೆ ಕೂತು ನೋಡಬೇಕು.

ಈಗ ಕಂಪ್ಯೂಟರ್ ಆಟದ ಹುಡುಗನಿಗೆ ಉತ್ತರ ಸಿಕ್ಕಿರಬೇಕು. ಆದರೆ ಬೇಟೆಗಾರನ ಪ್ರಶ್ನೆ ಬಾಕಿ ಇದೆ. ಅದು ನನಗೆ ಈ ಇಡೀ ವಿದ್ಯೆಯಲ್ಲಿ ಹೆಚ್ಚು ಮುಖ್ಯವಾಗಿ ಕಾಣುತ್ತದೆ. 500 ಮೀಟರ್ ಮುಟ್ಟಲು ಗುಂಡಿಗೆ ಮುಕ್ಕಾಲು ಸೆಕೆಂಡು ಬೇಕು. ಸದ್ದು ಇನ್ನೂ ಅರ್ಧ ದಾರಿಯಲ್ಲಿರುತ್ತದೆ, ಪ್ರಾಣಿಗೆ ಏನೂ ಕೇಳಿಸಿರುವುದಿಲ್ಲ. ಹುಲ್ಲು ಮೇಯುತ್ತಿದ್ದ ಅದು ಸುಮ್ಮನೆ ಒಂದು ಹೆಜ್ಜೆ ಮುಂದಿಟ್ಟಿತೆನ್ನಿ. ಹೃದಯ, ಶ್ವಾಸಕೋಶಗಳಿರುವ ಜಾಗ ಊಟದ ತಟ್ಟೆಯಷ್ಟು. ಒಂದು ಹೆಜ್ಜೆಗೆ ಅಲ್ಲಿ ಹೊಟ್ಟೆ ಬಂದಿರುತ್ತದೆ. ಗುಂಡು ಎಲ್ಲೂ ತಪ್ಪದೆ, ಲೆಕ್ಕವೆಲ್ಲ ಸರಿಯಾಗಿಯೇ ಬಂದು, ಪ್ರಾಣಿ ಗಾಯಗೊಂಡು ಓಡಿಹೋಗಿ ಎಲ್ಲೋ ದಿನಗಟ್ಟಲೆ ನರಳಿ ಸಾಯುತ್ತದೆ. ಕಾಗದದ ಗುರಿಗೆ ಇಂಥ ಸಂಕಟವಿಲ್ಲ. ಅಮೆರಿಕದಲ್ಲಿ ಥಿಯೊಡೋರ್ ರೂಸ್‌ವೆಲ್ಟ್ 1887ರಲ್ಲಿ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಬೇಟೆಗಾರರದೇ ಸಂಘ. ಪ್ರಾಣಿಗೆ ತಪ್ಪಿಸಿಕೊಳ್ಳುವ ನ್ಯಾಯವಾದ ಅವಕಾಶ ಇರಬೇಕೆಂಬುದು ಅದರ ಹಳೆಯ ನಿಯಮ. ಬರಿಯ ಉಪಕರಣದ ಬಲದಿಂದ ಅತಿ ದೂರಕ್ಕೆ ಹೊಡೆಯುವುದನ್ನು ಅದು ಒಪ್ಪುವುದಿಲ್ಲ. ದುರ್ಬೀನು, ಲೇಸರು ಮಾರುವವರಿಗೆ ಈ ಮಾತು ರುಚಿಸದಿರುವುದು ಸಹಜ. ಕೈಯಲ್ಲಿರುವ ರೈಫಲು 900 ಮೀಟರಿಗೆ ಹೊಡೆಯಬಲ್ಲದು ಎಂದ ಮಾತ್ರಕ್ಕೆ ಅಷ್ಟು ದೂರದ ಪ್ರಾಣಿಗೆ ಹೊಡೆಯಬಹುದೆಂದಲ್ಲ. ಇನ್ನೂ ಹತ್ತಿರಕ್ಕೆ ತೆವಳಿಕೊಂಡು ಹೋಗಬಲ್ಲವನೇ ಬೇಟೆಗಾರ ಎಂದು ವಾದಿಸುವ ಹಿರಿಯರು ಅಲ್ಲಿ ಇದ್ದಾರೆ. ಅವರ ಪಕ್ಷವೇ ಸರಿ ಎಂದು ನನಗೆ ತೋರುತ್ತದೆ.

ನಮ್ಮಲ್ಲಿ ಇದರ ಸ್ಥಿತಿ ಏನು ಎಂದು ಪಾಲಕರು ಕೇಳಬಹುದು. ರೈಫಲು ಇಟ್ಟುಕೊಳ್ಳಲು 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿ ಬೇಕು. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿ ಹಿಡುವಳಿದಾರರಿಗೂ ಕೋವಿಯ ವಿಷಯದಲ್ಲಿ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳಲಿಕ್ಕೆ, ಬೇಟೆಗಲ್ಲ. ವಿದ್ಯಾರ್ಥಿಗಳಿಗೆ ತೆರೆದ ದಾರಿ ಎನ್‌ಸಿಸಿಯದು, ಅಲ್ಲಿ .22 ರೈಫಲಿನಿಂದ 25 ಮೀಟರಿಗೆ ಹೊಡೆಯುವ ಅಭ್ಯಾಸವಿದೆ. ಇನ್ನೊಂದು, 10 ಮೀಟರಿನ ಏರ್ ರೈಫಲ್ ಕ್ರೀಡೆ. ಒಲಿಂಪಿಕ್ಸಿನಲ್ಲಿ 300 ಮೀಟರಿನ ರೈಫಲ್ ಸ್ಪರ್ಧೆ 1972ರ ಮ್ಯೂನಿಕ್‌ಗೆ ಮುಗಿಯಿತು; ಈಗಿರುವುದು 10 ಮತ್ತು 50 ಮೀಟರ್. 2024ರಲ್ಲಿ ಪ್ಯಾರಿಸ್ಸಿನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು 50 ಮೀಟರಿನಲ್ಲಿ.

ಹತ್ತೇ ಮೀಟರಿಗೆ ಇಷ್ಟೆಲ್ಲ ಅಣಿ ಬೇಕೇ? ಅಭಿನವ್ ಬಿಂದ್ರಾ ಅವರನ್ನು ಕೇಳಬೇಕು. 2008ರ ಆಗಸ್ಟ್ 11ರಂದು ಬೀಜಿಂಗಿನಲ್ಲಿ ಫೈನಲಿಗೆ ಮುಂಚೆ ಪರೀಕ್ಷೆಗೆಂದು ಹಾರಿಸಿದ ಮೊದಲ ಗುಂಡಿಗೆ ನಾಲ್ಕರ ಆಸುಪಾಸಿನ ಅಂಕ ಬಂತು. ಯಾವತ್ತೂ ಹತ್ತರ ಆಚೀಚೆ ಬೀಳುವವರಿಗೆ! ರೈಫಲಿನ ಗುರಿನೋಟವೇ ಹೇಗೋ ಜರುಗಿಹೋಗಿತ್ತು. ಸಿಕ್ಕ ಕೆಲವೇ ನಿಮಿಷಗಳಲ್ಲಿ ತಿರುಗಣೆ ತಿರುಗಿಸಿ, ಮತ್ತೆ ಹಾರಿಸಿ, ಮತ್ತೆ ತಿರುಗಿಸಿ ಸರಿಮಾಡಿಕೊಂಡರು. ಕೊನೆಯ ಗುಂಡಿಗೆ 10.8, ಒಟ್ಟು 700.5, ಚಿನ್ನ. ಝೀರೋ ಮಾಡುವ ಕಲೆ ಗೊತ್ತಿದ್ದರಿಂದ ಉಳಿದ ಪದಕ ಅದು.

ಇಲ್ಲಿಯವರೆಗಿನ ಲೆಕ್ಕವೆಲ್ಲ ಸಮತಟ್ಟು ನೆಲದ್ದು. ಬೆಟ್ಟದ ಮೇಲೆ ಅಥವಾ ಕೆಳಕ್ಕೆ ಹೊಡೆಯುವಾಗ ಏನಾಗುತ್ತದೆ? ಅಮೆರಿಕದ ರಾಕಿ ಪರ್ವತದಲ್ಲಿ ಗುರಿ 30 ಡಿಗ್ರಿ ಮೇಲಿದೆ, ಲೇಸರು 400 ಮೀಟರ್ ತೋರಿಸುತ್ತಿದೆ. ಪಟ್ಟಿಯಲ್ಲಿ 400ರ ಎದುರಿನ ಟಿಕ್ಕುಗಳನ್ನು ಹಾಕಿದರೆ ಗುಂಡು ಗುರಿಯ ತಲೆಯ ಮೇಲೆ ಹೋಗುತ್ತದೆ. ಯಾಕೆಂದರೆ ಭೂಮಿಯ ಸೆಳೆತದಲ್ಲಿ ಗುಂಡಿನ ದಾರಿಗೆ ಅಡ್ಡವಾಗಿ ಕೆಲಸ ಮಾಡುವುದು ಒಂದು ಪಾಲು ಮಾತ್ರ. ಅಡ್ಡದೂರ, ಅಂದರೆ 400 ಗುಣಿಸು ಕಾಸ್ 30, ಸುಮಾರು 346 ಮೀಟರಿನ ಟಿಕ್ಕುಗಳನ್ನು ಹಾಕಬೇಕು. ಮೇಲಕ್ಕಾದರೂ ಅಷ್ಟೆ, ಕೆಳಕ್ಕಾದರೂ ಹೆಚ್ಚುಕಡಿಮೆ ಅಷ್ಟೆ.

ಕೊಡಗಿನಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ಬರುವ ಕೈಲ್ ಮುಹೂರ್ತದ ಹಬ್ಬಕ್ಕೆ ಕೋವಿಗೆ ಪೂಜೆಯಾದಮೇಲೆ ಎತ್ತರದ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವಿರುತ್ತದೆ. ಈ ವಾರದ ಲೆಕ್ಕ ಅಲ್ಲಿಯದು. ಕೋವಿಯಿಂದ ಕಾಯಿಗೆ ಓರೆಯಾಗಿ 40 ಮೀಟರ್, ನೋಟ ನೆಲಕ್ಕೆ 60 ಡಿಗ್ರಿ ಮೇಲೆ, ಗುಂಡಿನ ವೇಗ ಸೆಕೆಂಡಿಗೆ 400 ಮೀಟರ್ ಎಂದಿಟ್ಟುಕೊಳ್ಳಿ. ಗಾಳಿಯ ತಡೆಯನ್ನೂ, ಗುರಿನೋಟವು ನಳಿಗೆಗಿಂತ ಎಷ್ಟು ಎತ್ತರದಲ್ಲಿದೆ ಎಂಬುದನ್ನೂ ಮರೆತುಬಿಡಿ. ನಳಿಗೆಯನ್ನು ನೇರ ಕಾಯಿಯ ನಡುವಿಗೇ ಹಿಡಿದರೆ ನೋಟದ ಗೆರೆಯಿಂದ, ಆ ಗೆರೆಗೆ ಲಂಬವಾಗಿ ಅಳೆದಾಗ, ಗುಂಡು ಎಷ್ಟು ಕೆಳಗೆ ತಗಲುತ್ತದೆ? ಎರಡೂವರೆ ಸೆಂಟಿಮೀಟರಿನ ಹತ್ತಿರ ಬಂದರೆ ನಿಮ್ಮ ಲೆಕ್ಕ ಸರಿ, ಕಾಯಿಯೂ ಒಡೆಯುತ್ತದೆ.